ತೇಲುವ ಅಂಗಕ್ಕೆ ಇಟ್ಟ ಹೆಸರುಗಳು

ದೊಡ್ಡ ಆಸ್ಪತ್ರೆಗಳಲ್ಲಿ ಈಗ ‘ಪಲ್ಮನಾಲಜಿ ವಿಭಾಗ’ ಎಂಬ ಫಲಕ ಕನ್ನಡ ಅಕ್ಷರಗಳಲ್ಲೇ ಕಾಣುತ್ತದೆ. ಒಳಗೆ ಹೋದರೆ ವೈದ್ಯರು ‘ಲಂಗ್ಸ್‌ನಲ್ಲಿ ಇನ್ಫೆಕ್ಷನ್ ಆಗಿದೆ’ ಅನ್ನುತ್ತಾರೆ. ಚೀಟಿಯಲ್ಲಿ ‘ನ್ಯುಮೋನಿಯಾ’ ಎಂದು ಬರೆದಿರುತ್ತದೆ. ಮನೆಗೆ ಬಂದವರು ನೆಂಟರಿಗೆ ಫೋನು ಮಾಡಿ ‘ಶ್ವಾಸಕೋಶದಲ್ಲಿ ಕಫ ಕಟ್ಟಿದೆಯಂತೆ’ ಅನ್ನುತ್ತಾರೆ. ಅಂಗ ಒಂದೇ, ಅರ್ಧ ಗಂಟೆಯೊಳಗೆ ಅದಕ್ಕೆ ಸಂಬಂಧಿಸಿದ ನಾಲ್ಕು ಮಾತು ಕಿವಿಗೆ ಬಿದ್ದವು, ನಾಲ್ಕೂ ಬೇರೆ ಬೇರೆ ಮನೆತನದವು. ಪಲ್ಮನಾಲಜಿಯ ಮೊದಲ ಭಾಗ ಲ್ಯಾಟಿನ್, ನ್ಯುಮೋನಿಯಾ ಗ್ರೀಕ್, ಲಂಗ್ ಎಂಬುದು ಇಂಗ್ಲಿಷಿನ ಸ್ವಂತ ಜರ್ಮ್ಯಾನಿಕ್ ಮಾತು, ಶ್ವಾಸಕೋಶ ಸಂಸ್ಕೃತದ ಸಮಾಸ. ವೈದ್ಯಶಾಸ್ತ್ರದ ಮಾತು ಎಂದೊಡನೆ ಲ್ಯಾಟಿನ್ ಪಂಡಿತರು ಕೂತು ಯೋಚಿಸಿ ಕಟ್ಟಿದ್ದು ಎಂದು ನಾವು ನಂಬಿಬಿಡುತ್ತೇವೆ. ಈ ಅಂಗದ ಹೆಸರುಗಳನ್ನು ಭಾಷೆಯಿಂದ ಭಾಷೆಗೆ ಹಿಂಬಾಲಿಸಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಇದಕ್ಕೆ ಮೊದಲು ಹೆಸರಿಟ್ಟವರು ಕುರಿ ದನಗಳನ್ನು ಕೊಯ್ದವರು, ಮಾಂಸ ತೊಳೆದವರು, ಪಾತ್ರೆಯಲ್ಲಿ ಬೇಯಿಸಿದವರು. ಅವರು ಕಣ್ಣಾರೆ ಕಂಡು ಇಟ್ಟ ಹೆಸರುಗಳು, ಆಮೇಲೆ ಬಂದ ಪಂಡಿತರ ಊಹೆಗಳಿಗಿಂತ ಎಷ್ಟೋ ಗಟ್ಟಿಯಾಗಿ ಬಾಳಿವೆ. ಈ ಲೇಖನದ ವಾದ ಇಷ್ಟೇ.

ಮೊದಲು ಲ್ಯಾಟಿನ್ ಪದವನ್ನೇ ನೋಡೋಣ. ಅಲ್ಲಿ ಶ್ವಾಸಕೋಶಕ್ಕೆ ‘ಪುಲ್ಮೋ’ ಎಂದು ಹೆಸರು, ವಿಭಕ್ತಿ ಹತ್ತಿದಾಗ ‘ಪುಲ್ಮೋನಿಸ್’, ‘ಪುಲ್ಮೋನೆಮ್’. ರೋಮನ್ ಸಾಮ್ರಾಜ್ಯ ಒಡೆದ ಮೇಲೆ ಆಯಾ ಸೀಮೆಯ ಜನರ ಬಾಯಲ್ಲಿ ಲ್ಯಾಟಿನ್ ಬೇರೆ ಬೇರೆ ಭಾಷೆಯಾಗಿ ಬೆಳೆಯಿತು, ಈ ಪದವೂ ಜೊತೆಗೆ ಬೆಳೆಯಿತು. ಇಟಲಿಯಲ್ಲಿ ‘ಪೊಲ್ಮೋನೆ’ ಆಯಿತು, ಸ್ಪೇನಿನಲ್ಲಿ ‘ಪುಲ್ಮೋನ್’. ಪೋರ್ಚುಗೀಸರು ಕೊನೆಯ ನಕಾರವನ್ನು ಮೂಗಿಗೆ ಏರಿಸಿ ‘ಪುಲ್ಮಾಂವ್’ ಎಂದರು. ಫ್ರೆಂಚರ ಬಾಯಲ್ಲಿ ಲಕಾರ ಕರಗಿ ಸ್ವರದಲ್ಲಿ ಸೇರಿಹೋಗಿ ‘ಪೂಮೊಂ’ ಉಳಿಯಿತು. ರುಮೇನಿಯಾದಲ್ಲಿ ಪಕಾರ ಲಕಾರಗಳ ನಡುವಿನ ಸ್ವರ ಜಾಗ ಬದಲಿಸಿ ‘ಪ್ಲಮಿನ್’ ಆಯಿತು. ಇಂಥ ಅಕ್ಷರಪಲ್ಲಟ ನಮಗೆ ಹೊಸದಲ್ಲ. ನಾವು ‘ಬರೆ’ ಎನ್ನುವುದನ್ನು ತೆಲುಗರು ‘ವ್ರಾಯು’ ಎನ್ನುತ್ತಾರೆ, ನಮ್ಮ ‘ಅವನು’ ಅಲ್ಲಿ ‘ವಾಡು’. ಹೀಗೆ ಲ್ಯಾಟಿನ್ನಿನ ಮಕ್ಕಳಲ್ಲೆಲ್ಲ ಪುಲ್ಮೋ ಬದುಕಿದೆ. ಆ ಮನೆಯ ಹೊರಗೆ ಮಾತ್ರ ಅದು ಅತಿಥಿ. ಇಂಗ್ಲಿಷಿನಲ್ಲಿ ‘ಪಲ್ಮನರಿ’ ಎಂಬ ವಿಶೇಷಣ ಪುಸ್ತಕದ ದಾರಿಯಿಂದ ಬಂದದ್ದು. ಅಂಗದ ಹೆಸರಾಗಿ ಜನ ಆಡುವುದು ‘ಲಂಗ್’, ಅದಕ್ಕೂ ಲ್ಯಾಟಿನ್ನಿಗೂ ತಾಯಿ ಮಗಳ ನಂಟಿಲ್ಲ. ಯುರೋಪಿನ ಎಲ್ಲ ಮಾತಿಗೂ ಲ್ಯಾಟಿನ್ನೇ ತಾಯಿ ಎಂಬ ನಂಬಿಕೆ ಇಲ್ಲೇ ಮೊದಲ ಸಲ ಎಡವುತ್ತದೆ.

ಹಾಗಾದರೆ ಪುಲ್ಮೋ ಎಲ್ಲಿಂದ ಬಂತು? ಇದಕ್ಕೆ ಲ್ಯಾಟಿನ್ನಿನ ಹೊರಗಿರುವ ದಾಯಾದಿಗಳನ್ನು ವಿಚಾರಿಸಬೇಕು. ಲಿಥುವೇನಿಯಾದಲ್ಲಿ ಶ್ವಾಸಕೋಶಕ್ಕೆ ‘ಪ್ಲೌಚೆಯ್’, ಲಾಟ್ವಿಯಾದಲ್ಲಿ ‘ಪ್ಲೌಷಸ್’, ಚೆಕ್ ಭಾಷೆಯಲ್ಲಿ ‘ಪ್ಲೀತ್ಸೆ’, ಸರ್ಬಿಯಾದಲ್ಲಿ ‘ಪ್ಲುಚಾ’. ಹಳೆಯ ಅಥೆನ್ಸಿನ ಗ್ರೀಕರು ‘ಪ್ಲೆಉಮೋನ್’ ಎನ್ನುತ್ತಿದ್ದರು. ಎಲ್ಲ ಕಡೆಯೂ ಆರಂಭದಲ್ಲಿ ‘ಪ್ಲ’ ಇದೆ. ಲ್ಯಾಟಿನ್ ಮಾತ್ರ ಅದನ್ನು ಬಿಡಿಸಿ ‘ಪುಲ್’ ಮಾಡಿಕೊಂಡಿದೆ. ಭಾಷಾಶಾಸ್ತ್ರಜ್ಞರು ಇವೆಲ್ಲಕ್ಕೂ ‘ತೇಲು, ಹರಿ’ ಎಂಬರ್ಥದ ಪುರಾತನ ಧಾತುವೊಂದನ್ನು ಹೇಳುತ್ತಾರೆ. ಅದರ ಸಂಸ್ಕೃತ ರೂಪ ‘ಪ್ಲು’. ಇದು ಕನ್ನಡಿಗರಿಗೆ ತೀರ ಪರಿಚಯದ ಧಾತು. ಪ್ರವಾಹ ಬಂದರೆ ನಾವು ‘ಜಲಪ್ಲಾವನ’ ಎನ್ನುತ್ತೇವೆ. ತೆಪ್ಪಕ್ಕೆ ಸಂಸ್ಕೃತದಲ್ಲಿ ‘ಪ್ಲವ’ ಎಂದು ಹೆಸರು, ಅರವತ್ತು ಸಂವತ್ಸರಗಳಲ್ಲಿ ಒಂದರ ಹೆಸರೂ ಅದೇ. ವ್ಯಾಕರಣದಲ್ಲಿ ಹ್ರಸ್ವ, ದೀರ್ಘಗಳಾದ ಮೇಲೆ ಬರುವ ‘ಪ್ಲುತ’, ದೂರದವರನ್ನು ಕೂಗುವಾಗ ತೇಲಿಸಿ ಎಳೆಯುವ ಸ್ವರ, ಅದೂ ಇದರದೇ ಸಂತಾನ. ಹಡಗಿನಲ್ಲಿ ಹೋಗುವುದಕ್ಕೆ ಗ್ರೀಕರು ಆಡುತ್ತಿದ್ದ ಮಾತು, ಇಂಗ್ಲಿಷಿನ ‘ಫ್ಲೋಟ್’, ‘ಫ್ಲೋ’ ಎಲ್ಲವೂ ಇದೇ ಬಳಗ. ಅಂದರೆ ಆಸ್ಪತ್ರೆಯ ಫಲಕದಲ್ಲಿ ಗಂಭೀರವಾಗಿ ಕೂತಿರುವ ‘ಪಲ್ಮನಾಲಜಿ’ಯ ಬುಡದಲ್ಲಿರುವುದು ‘ತೇಲುವಂಥದ್ದು’ ಎಂಬ ಸರಳ ಮಾತು.

ಉಸಿರಾಡುವ ಅಂಗಕ್ಕೆ ತೇಲುವಂಥದ್ದು ಎಂದು ಯಾರು ಹೆಸರಿಡುತ್ತಾರೆ? ಬದುಕಿರುವವರ ಎದೆಯೊಳಗೆ ಅದು ತೇಲುವುದನ್ನು ನೋಡಲು ಯಾರಿಗೂ ಸಾಧ್ಯವಿಲ್ಲ. ಆದರೆ ಕೊಯ್ದ ಕುರಿಯ ಒಳಭಾಗಗಳನ್ನು ತೊಳೆಯಲು ನೀರು ತುಂಬಿದ ಪಾತ್ರೆಗೆ ಹಾಕಿದರೆ ಯಾರ ಕಣ್ಣಿಗೂ ಬೀಳುತ್ತದೆ. ಗುಂಡಿಗೆ ತಳ ಸೇರುತ್ತದೆ, ಯಕೃತ್ತು ತಳ ಸೇರುತ್ತದೆ, ಮೂತ್ರಪಿಂಡವೂ ಮುಳುಗುತ್ತದೆ. ನಸುಗೆಂಪಿನ ಶ್ವಾಸಕೋಶ ಮಾತ್ರ ಮೇಲೆ ನಿಲ್ಲುತ್ತದೆ. ಕೈಯಿಂದ ಅದುಮಿ ಬಿಟ್ಟರೆ ಗುಳ್ಳೆ ಬಿಡುತ್ತ ಮತ್ತೆ ಮೇಲೇಳುತ್ತದೆ. ಕಾರಣ ಲೆಕ್ಕಕ್ಕೆ ಸಿಗುವಂಥದು. ದೊಡ್ಡವರ ಎರಡೂ ಶ್ವಾಸಕೋಶಗಳು, ಒಳಗಿನ ರಕ್ತವೂ ಸೇರಿ, ಸುಮಾರು ಒಂದು ಕಿಲೋ ತೂಗುತ್ತವೆ. ಸಹಜವಾಗಿ ಉಸಿರು ಬಿಟ್ಟ ಮೇಲೂ ಒಳಗೆ ಸುಮಾರು ಎರಡೂವರೆ ಲೀಟರ್ ಗಾಳಿ ಉಳಿದಿರುತ್ತದೆ. ಹೀಗೆ ಒಂದು ಕಿಲೋ ತೂಕ ಮೂರೂವರೆ ಲೀಟರ್ ಜಾಗಕ್ಕೆ ಹರಡಿಕೊಂಡಿರುವುದರಿಂದ ಅದರ ಸಾಂದ್ರತೆ ನೀರಿನದರ ಮೂರನೇ ಒಂದು ಭಾಗವೂ ಇಲ್ಲ. ದೇಹದಿಂದ ತೆಗೆದಾಗ ಅದು ಕುಗ್ಗಿದರೂ ಸಣ್ಣ ಸಣ್ಣ ಗೂಡುಗಳಲ್ಲಿ ಸಿಕ್ಕಿಬಿದ್ದ ಗಾಳಿ ಪೂರ್ತಿ ಹೊರಬರುವುದಿಲ್ಲ. ಈ ನೋಟ ಯುರೋಪಿಗಷ್ಟೇ ಸೇರಿದ್ದಲ್ಲ. ಚೀನಾದ ಹಾನ್ ರಾಜವಂಶದ ಕೊನೆಯ ಕಾಲಕ್ಕೆ ಸೇರಿದ ‘ನಾನ್ ಜಿಂಗ್’ ಎಂಬ ವೈದ್ಯಗ್ರಂಥ ಪ್ರಶ್ನೋತ್ತರ ರೂಪದ್ದು. ಅದರ 33ನೆಯ ಪ್ರಶ್ನೆ ಇದೇ. ಯಕೃತ್ತು ಮರದ ತತ್ತ್ವ, ಶ್ವಾಸಕೋಶ ಲೋಹದ ತತ್ತ್ವ ಎನ್ನುತ್ತೀರಿ, ಮರ ತೇಲಬೇಕು, ಲೋಹ ಮುಳುಗಬೇಕು, ಆದರೆ ನೀರಿನಲ್ಲಿ ಯಕೃತ್ತು ಮುಳುಗಿ ಶ್ವಾಸಕೋಶ ತೇಲುವುದೇಕೆ ಎಂದು ಅಲ್ಲಿ ಕೇಳಿದೆ. ಬೆಂದ ಮೇಲೆ ಏನಾಗುತ್ತದೆಂಬ ಮಾತೂ ಅಲ್ಲೇ ಇದೆ. ತತ್ತ್ವಶಾಸ್ತ್ರವನ್ನು ಅಡುಗೆಮನೆ ಪೇಚಿಗೆ ಸಿಕ್ಕಿಸಿದ ಪ್ರಶ್ನೆ ಅದು.

ಈಗ ‘ಲಂಗ್’ ಎಂಬ ಮಾತಿಗೆ ಬರೋಣ. ಇದರ ಹಳೆಯ ಧಾತುವಿನ ಅರ್ಥ ‘ಹಗುರ’. ಇಂಗ್ಲಿಷಿನ ‘ಲೈಟ್’, ಲ್ಯಾಟಿನ್ನಿನ ‘ಲೆವಿಸ್’, ನಮ್ಮ ಕನ್ನಡದಲ್ಲಿ ದಿನಬಳಕೆಯ ‘ಲಘು’ ಎಲ್ಲವೂ ಅದೇ ಧಾತುವಿನ ಸಂತತಿ. ಲಘು ಉಪಾಹಾರ, ಲಘು ಹಾಸ್ಯ ಎನ್ನುವಾಗಲೆಲ್ಲ ನಾವು ‘ಲಂಗ್’ನ ಹತ್ತಿರದ ನೆಂಟನೊಬ್ಬನನ್ನು ಮಾತಿಗೆಳೆಯುತ್ತಿರುತ್ತೇವೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಕಾಲ ಕಳೆದಂತೆ ‘ಲಂಗ್’ ಎಂದರೆ ಹಗುರ ಎಂಬ ನೆನಪು ಇಂಗ್ಲಿಷರಿಗೆ ಅಳಿಸಿಹೋಯಿತು. ಆದರೆ ಕಸಾಯಿ ಅಂಗಡಿಯಲ್ಲಿ ಕುರಿ ದನಗಳ ಶ್ವಾಸಕೋಶ ಕೈಗೆತ್ತಿಕೊಂಡಾಗ ಅದು ಮತ್ತೆ ಹಗುರವಾಗಿಯೇ ಇತ್ತು. ಹಾಗಾಗಿ ಅವರು ಅದಕ್ಕೆ ಎರಡನೆಯ ಬಾರಿ ‘ಲೈಟ್ಸ್’ ಎಂದು ಹೆಸರಿಟ್ಟರು. ಬೆಕ್ಕು ನಾಯಿಗಳಿಗೆ ಹಾಕುವ ಮಾಂಸಕ್ಕೆ ಆ ಹೆಸರು ಬಹುಕಾಲ ನಡೆಯಿತು. ರಷ್ಯನ್ನರು ಹಳೆಯ ‘ಪ್ಲ’ಕಾರದ ಪದವನ್ನು ಕೈಬಿಟ್ಟು, ಹಗುರ ಎಂಬ ವಿಶೇಷಣದಿಂದ ‘ಲ್ಯೋಖ್ಕೊಯೆ’ ಎಂಬ ಹೊಸ ಹೆಸರು ಮಾಡಿಕೊಂಡರು. ವೇಲ್ಸಿನವರ ‘ಅಸ್ಗವೈಂಟ್’ ಹುಟ್ಟಿದ್ದು ಹಗುರ ಎಂಬರ್ಥದ ಇನ್ನೊಂದೇ ಮಾತಿನಿಂದ, ಧಾತುವೂ ಬೇರೆ. ಸ್ಪೇನಿನಲ್ಲಿ ಮನುಷ್ಯರದು ಪುಲ್ಮೋನ್ ಆದರೂ, ಕೊಯ್ದ ಪ್ರಾಣಿಯದು ‘ಲಿವಿಯಾನೊಸ್’, ಅಂದರೆ ಹಗುರವಾದವು. ಫ್ರಾನ್ಸಿನ ಮಾಂಸದಂಗಡಿಯಲ್ಲಿ ಅದು ‘ಮೂ’, ಅಂದರೆ ಮೆತ್ತನೆಯದು. ತುರ್ಕರು ಬಣ್ಣ ನೋಡಿ ಹೆಸರಿಟ್ಟರು. ಅವರ ‘ಜಿಯೆರ್’ ನಮಗೂ ಗೊತ್ತಿರುವ ಪರ್ಷಿಯನ್ನಿನ ‘ಜಿಗರ್’. ಯಕೃತ್ತು ಕರಿ ಜಿಗರ್, ಶ್ವಾಸಕೋಶ ಬಿಳಿ ಜಿಗರ್. ಬಲ್ಗೇರಿಯಾದವರೂ ಹಾಗೆಯೇ ಕರಿ, ಬಿಳಿ ಎಂದು ವಿಂಗಡಿಸಿದ್ದಾರೆ. ಕೈಗೆ ಹಗುರ, ಬೆರಳಿಗೆ ಮೆತ್ತಗೆ, ಕಣ್ಣಿಗೆ ಬಿಳಿಚು. ಇದು ಬಟ್ಟಲು ಹಿಡಿದು ನಿಂತವರ ಭಾಷೆ.

ಇಲ್ಲಿ ಸಂಶಯವೊಂದು ಏಳುವುದು ನ್ಯಾಯವೇ. ಸಾವಿರಾರು ವರ್ಷ ಹಿಂದಿನ ಧಾತುಗಳನ್ನು ಯಾರೂ ಕಿವಿಯಾರೆ ಕೇಳಿಲ್ಲ, ಭಾಷಾಶಾಸ್ತ್ರಜ್ಞರು ಉಳಿದ ರೂಪಗಳಿಂದ ಅವನ್ನು ಊಹಿಸಿ ಕಟ್ಟುತ್ತಾರೆ. ‘ಪ್ಲ’ ಎಂಬ ಸದ್ದಿನ ಹೋಲಿಕೆ ಕಾಕತಾಳೀಯ ಏಕಾಗಿರಬಾರದು? ಒಂದೇ ಪದದ ಮೇಲೆ ನಿಂತಿದ್ದರೆ ಈ ವಾದ ಅಲುಗಾಡುತ್ತಿತ್ತು. ಅದಕ್ಕೆ ಬಲ ಬರುವುದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಧಾತುಗಳಿಂದ ಜನ ಮತ್ತೆ ಮತ್ತೆ ಅದೇ ಗುಣವನ್ನು ಹೆಕ್ಕಿಕೊಂಡದ್ದರಿಂದ. ನೆರೆಹೊರೆಯವರು ಪರಸ್ಪರ ನೋಡಿ ಕಲಿತಿರಬಹುದು ಎಂಬುದನ್ನೂ ಒಪ್ಪೋಣ. ತುರ್ಕರ ಮತ್ತು ಬಲ್ಗೇರಿಯನ್ನರ ಕರಿ ಬಿಳಿ ವಿಂಗಡಣೆ ಹಾಗೆ ಹಂಚಿಕೊಂಡದ್ದೇ ಇದ್ದೀತು. ಆದರೆ ಇಂಗ್ಲಿಷರು ತಮ್ಮದೇ ಹಳೆಯ ಮಾತಿನ ಅರ್ಥ ಮರೆತು ಅದೇ ಅರ್ಥವನ್ನು ಹೊಸದಾಗಿ ಕಂಡುಕೊಂಡದ್ದಕ್ಕೆ ಯಾವ ನೆರೆಯವರೂ ಕಾರಣರಲ್ಲ, ಆ ಅಂಗದ ತೂಕವೇ ಕಾರಣ. ಇನ್ನೊಂದು ಸಾಕ್ಷಿ ಸಮುದ್ರದಲ್ಲಿದೆ. ಗ್ರೀಕರೂ ರೋಮನ್ನರೂ ಅಂಬಲಿಮೀನನ್ನು, ಅಂದರೆ ಜೆಲ್ಲಿಫಿಶ್ಶನ್ನು, ‘ಕಡಲ ಶ್ವಾಸಕೋಶ’ ಎಂದು ಕರೆಯುತ್ತಿದ್ದರು. ಸುಖವನ್ನು ಕುರಿತ ತನ್ನ ಸಂವಾದದಲ್ಲಿ ಪ್ಲೇಟೋ, ಬುದ್ಧಿಯಿಲ್ಲದ ಬಾಳು ಮನುಷ್ಯನ ಬಾಳಲ್ಲ, ಇಂಥ ಜೀವಿಯ ಬಾಳು ಎಂಬರ್ಥದಲ್ಲಿ ‘ಪ್ಲೆಉಮೋನ್’ ಪದವನ್ನೇ ಬಳಸಿದ್ದಾನೆ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಉತ್ತರದ ಕಡಲಿಗೆ ಹೋದ ಗ್ರೀಕ್ ನಾವಿಕ ಪೈಥಿಯಾಸ್, ನೀರು, ನೆಲ, ಗಾಳಿ ಒಂದರಲ್ಲೊಂದು ಬೆರೆತಂಥ ಅಲ್ಲಿನ ನೋಟವನ್ನು ಕಡಲ ಶ್ವಾಸಕೋಶಕ್ಕೆ ಹೋಲಿಸಿದನೆಂದು ಪ್ರಾಚೀನ ಭೂಗೋಳಕಾರ ಸ್ಟ್ರಾಬೋ ದಾಖಲಿಸಿದ್ದಾನೆ. ದೊಡ್ಡದೊಂದು ಅಂಬಲಿಮೀನಿನ ವೈಜ್ಞಾನಿಕ ಹೆಸರು ಇಂದಿಗೂ ‘ರೈಜೋಸ್ಟೋಮಾ ಪುಲ್ಮೋ’. ಉಬ್ಬುತ್ತ ಕುಗ್ಗುತ್ತ ನೀರಿನಲ್ಲಿ ತೇಲುವ ಮೆತ್ತನೆಯ ವಸ್ತು ಎಂಬ ಚಿತ್ರ ಆ ಪದದ ಸುತ್ತ ಇರದಿದ್ದರೆ ಈ ಹೋಲಿಕೆ ಅಷ್ಟು ಸುಲಭವಾಗಿ ಹೊಳೆಯುತ್ತಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಉಸಿರನ್ನೇ ಹಿಡಿದು ಇಟ್ಟ ಹೆಸರುಗಳೂ ಇವೆಯಲ್ಲ? ನಮ್ಮ ಶ್ವಾಸಕೋಶವೇ ಇದೆ. ತೆಲುಗರ ‘ಊಪಿರಿತಿತ್ತಿ’ ಇದೆ. ಸಂಸ್ಕೃತದ ‘ಫುಪ್ಫುಸ’ ಬಾಯಿಂದ ಗಾಳಿ ಊದುವ ಸದ್ದಿನಂತೆಯೇ ಇದೆ. ಮರಾಠಿಯ ಫುಪ್ಫುಸ, ಹಿಂದಿಯ ಫೇಫಡಾ ಆ ಬಳಗದವು, ಕನ್ನಡ ನಿಘಂಟುಗಳಲ್ಲೂ ‘ಪುಪ್ಪುಸ’ ಇದೆ. ಆದರೆ ಈ ಹೆಸರುಗಳನ್ನು ಒಂದೇ ಗುಂಪಿಗೆ ಹಾಕುವ ಮುನ್ನ ಒಂದೊಂದನ್ನೂ ಮುಟ್ಟಿ ನೋಡಬೇಕು. ತೆಲುಗಿನ ‘ತಿತ್ತಿ’ ಎಂದರೆ ಚರ್ಮದ ಚೀಲ, ಕಮ್ಮಾರನ ಕುಲುಮೆಗೆ ಗಾಳಿ ಊದುವ ತಿದಿ. ಕನ್ನಡದ ತಿತ್ತಿ, ತಿದಿ ಅದೇ ಮಾತುಗಳು. ಕೊಯ್ದ ಕುರಿಯ ಶ್ವಾಸನಾಳಕ್ಕೆ ಬಾಯಿಟ್ಟು ಊದಿದರೆ ಶ್ವಾಸಕೋಶ ತಿದಿಯ ಹಾಗೆ ಉಬ್ಬುತ್ತದೆ, ಬಾಯಿ ತೆಗೆದರೆ ಸೊರ್ರೆಂದು ಕುಗ್ಗುತ್ತದೆ. ಊಪಿರಿತಿತ್ತಿ ಎಂದವರು ತೇಲುವುದನ್ನು ನೋಡುವ ಬದಲು ಉಬ್ಬುವುದನ್ನು ನೋಡಿದರು, ಅಷ್ಟೇ ವ್ಯತ್ಯಾಸ. ಅದೂ ಕೈಯಳವಿನ ಅನುಭವವೇ. ಗ್ರೀಕರ ಕತೆ ಮಾತ್ರ ಬೇರೆ ಜಾತಿಯದು. ಅವರ ಹಳೆಯ ‘ಪ್ಲೆಉಮೋನ್’ ಕಾಲಕ್ರಮದಲ್ಲಿ ‘ಪ್ನೆಉಮೋನ್’ ಆಯಿತು. ಒಂದೇ ಅಕ್ಷರದ ಬದಲಾವಣೆ, ಲಕಾರ ಹೋಗಿ ನಕಾರ ಬಂತು. ‘ಪ್ನೆಉಮಾ’ ಎಂದರೆ ಗ್ರೀಕಿನಲ್ಲಿ ಉಸಿರು, ಪ್ರಾಣವಾಯು. ಈ ಅಂಗ ಉಸಿರಿಗೆ ಸಂಬಂಧಿಸಿದ್ದು ಎಂದು ತಿಳಿದವರು ಹೆಸರನ್ನೂ ಅದಕ್ಕೆ ತಕ್ಕಂತೆ ತಿದ್ದಿಕೊಂಡರು. ನಕಾರದ ರೂಪ ಹೋಮರನ ಕಾವ್ಯದಲ್ಲೇ ಸಿಗುತ್ತದೆ, ಅದೇ ಮೂಲ ಏಕಾಗಬಾರದು ಎಂದು ಕೇಳಬಹುದು. ಬಾಲ್ಟಿಕ್, ಸ್ಲಾವಿಕ್, ಲ್ಯಾಟಿನ್ ಮೂರು ಕವಲುಗಳಲ್ಲೂ ಲಕಾರ ಇರುವಾಗ ಗ್ರೀಕ್ ಒಂದರಲ್ಲೇ ನಕಾರವಿದ್ದರೆ, ಬದಲಾದದ್ದು ಗ್ರೀಕ್ ಎನ್ನುವುದೇ ಸರಿಯಾದ ತರ್ಕ. ನಮ್ಮ ಚೀಟಿಯ ‘ನ್ಯುಮೋನಿಯಾ’ದ ಮೊದಲಕ್ಷರ ಹೀಗೆ ತಿದ್ದುಪಡಿಯಾದದ್ದು.

ತಿದ್ದಿದ್ದು ತಪ್ಪೇನಲ್ಲ, ಶ್ವಾಸಕೋಶದ ಕೆಲಸ ಉಸಿರಾಟವೇ ತಾನೆ ಎನ್ನಬಹುದು. ಇಲ್ಲಿಯೇ ಎಚ್ಚರ ಬೇಕು. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ ಎಂಬುದು ಕಂಡ ಸಂಗತಿ. ಆ ಗಾಳಿ ಒಳಗೆ ಏನು ಮಾಡುತ್ತದೆ ಎಂಬುದು ಬಹುಕಾಲ ಬರೀ ಊಹೆ. ಮೆತ್ತಗೆ, ರಂಧ್ರರಂಧ್ರವಾಗಿ, ಸ್ಪಂಜಿನಂತಿರುವ ಶ್ವಾಸಕೋಶ ಹೃದಯದ ಕಾವನ್ನು ತಣಿಸಲು ಇದೆ ಎಂದು ಪ್ಲೇಟೋ ಬರೆದ. ಅರಿಸ್ಟಾಟಲನೂ ಉಸಿರಾಟದ ಉದ್ದೇಶ ತಂಪು ಮಾಡುವುದೆಂದೇ ನಂಬಿದ್ದ. ಉಸಿರಾಟವೆಂದರೆ ಆಮ್ಲಜನಕ ಬಳಸಿ ನಡೆಯುವ ನಿಧಾನದ ದಹನ ಎಂದು ರಸಾಯನಶಾಸ್ತ್ರಜ್ಞ ಲವಾಸಿಯೆ ತೋರಿಸಿದ್ದು 18ನೇ ಶತಮಾನದ ಕೊನೆಯ ದಶಕಗಳಲ್ಲಿ. ತಣಿಸುವುದೆಂದು ಎರಡು ಸಾವಿರ ವರ್ಷ ನಂಬಿದ್ದು, ಕಡೆಗೆ ಉರಿಸುವುದೆಂದು ಗೊತ್ತಾಯಿತು. ಈ ನಡುವೆ ಯಾರಾದರೂ ಅದಕ್ಕೆ ‘ತಣಿಸುವಂಥದ್ದು’ ಎಂದು ಶಾಸ್ತ್ರೋಕ್ತವಾಗಿ ಹೆಸರಿಟ್ಟಿದ್ದರೆ ನಾವಿಂದು ನಗುತ್ತಿದ್ದೆವು. ಅಂಥ ಪೇಚಿಗೆ ಸಿಕ್ಕ ಪದ ಪಕ್ಕದಲ್ಲೇ ಇದೆ. ಗ್ರೀಕಿನ ‘ಆರ್ಟೀರಿಯಾ’ ಮೂಲದಲ್ಲಿ ಗಾಳಿಯ ಕೊಳವೆಯ ಹೆಸರು. ಸತ್ತ ದೇಹದ ಅಪಧಮನಿಗಳು ಖಾಲಿಯಾಗಿ ಕಾಣುತ್ತಿದ್ದವು, ಅವೂ ಗಾಳಿಯನ್ನೇ ಸಾಗಿಸುತ್ತವೆ ಎಂದು ಹಲವು ಪ್ರಾಚೀನ ವೈದ್ಯರು ತಿಳಿದರು, ಅದೇ ಹೆಸರನ್ನು ಅವಕ್ಕೂ ಹಚ್ಚಿದರು. ಎರಡನ್ನೂ ಬೇರ್ಪಡಿಸಲು ಶ್ವಾಸನಾಳಕ್ಕೆ ‘ಒರಟು ಆರ್ಟೀರಿಯಾ’ ಎಂಬ ಹೆಸರು ಬಂತು. ಒರಟು ಎಂಬುದಕ್ಕೆ ಗ್ರೀಕ್ ಮಾತು ‘ಟ್ರಾಕಿಯಾ’. ಕೊನೆಗೆ ಆದದ್ದೇನು? ಗಾಳಿಯ ಹೆಸರು ರಕ್ತದ ಕೊಳವೆಗೆ ‘ಆರ್ಟರಿ’ ಎಂದು ಅಂಟಿಕೊಂಡಿತು, ಗಾಳಿಯ ಕೊಳವೆಗೆ ಬರೀ ‘ಒರಟು’ ಉಳಿಯಿತು. ಬೆರಳು ಸವರಿದರೆ ತಗಲುವ ಮೃದ್ವಸ್ಥಿಯ ಉಂಗುರಗಳ ಒರಟುತನ ಇಂದಿಗೂ ನಿಜ. ಆರ್ಟರಿಯೊಳಗಿನ ಗಾಳಿ ಮಾತ್ರ ಅಂದೂ ಸುಳ್ಳು, ಇಂದೂ ಸುಳ್ಳು.

ಕಂಡದ್ದನ್ನು ಹೇಳುವ ಹೆಸರಿಗೆ ಇನ್ನೂ ಒಳ್ಳೆಯ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ತಮಿಳರು ಶ್ವಾಸಕೋಶವನ್ನು ‘ನುರೈಯೀರಲ್’ ಎನ್ನುತ್ತಾರೆ. ಈರಲ್ ಎಂದರೆ ಯಕೃತ್ತು, ನುರೈ ನಮ್ಮ ‘ನೊರೆ’. ನೊರೆಯಂಥ ಯಕೃತ್ತು ಅದು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಯಕೃತ್ತು, ಗುಲ್ಮಗಳು ರಕ್ತದಿಂದಲೂ ಫುಪ್ಫುಸವು ರಕ್ತದ ನೊರೆಯಿಂದಲೂ ಹುಟ್ಟುತ್ತವೆ ಎಂಬ ಮಾತಿದೆ. ಹುಟ್ಟಿನ ಕತೆಯನ್ನು ಇಂದಿನ ಭ್ರೂಣಶಾಸ್ತ್ರ ಒಪ್ಪುವುದಿಲ್ಲ, ಆದರೆ ಆ ಕತೆಯೊಳಗಿನ ನೋಟವನ್ನು ತಳ್ಳಿಹಾಕುವ ಹಾಗಿಲ್ಲ. ಕತ್ತರಿಸಿದ ಶ್ವಾಸಕೋಶವನ್ನು ಹಿಂಡಿದರೆ ಬರುವುದು ನಸುಗೆಂಪು ನೊರೆಯೇ. 1661ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಸೂಕ್ಷ್ಮದರ್ಶಕ ಹಿಡಿದು ನೋಡಿದಾಗ, ಅಲ್ಲಿಯವರೆಗೆ ಹಲವು ಪಂಡಿತರು ಮಾಂಸದ ಮುದ್ದೆ ಎಂದುಕೊಂಡಿದ್ದ ಶ್ವಾಸಕೋಶ ತೆಳುಪೊರೆಯ ಅಸಂಖ್ಯ ಗುಳ್ಳೆಗಳ ರಾಶಿ ಎಂದು ತಿಳಿಯಿತು. ವೈದ್ಯರು ಈ ಗುಳ್ಳೆಗಳನ್ನು ಕರೆಯುವ ‘ಆಲ್ವಿಯೋಲಸ್’ ಎಂಬ ಲ್ಯಾಟಿನ್ ಮಾತಿಗೆ ಪುಟ್ಟ ತೊಟ್ಟಿ ಎಂದರ್ಥ. ಕನ್ನಡದಲ್ಲಿ ವಾಯುಕೋಶ ಎಂದೂ ಗಾಳಿಗೂಡು ಎಂದೂ ಬರೆಯುತ್ತೇವೆ. ದೊಡ್ಡವರಲ್ಲಿ ಇವು ಸುಮಾರು 48 ಕೋಟಿ ಇವೆ, ಒಂದೊಂದೂ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಕತೆ ಅಲ್ಲಿಗೂ ಮುಗಿಯಲಿಲ್ಲ. 1955ರಲ್ಲಿ ಇಂಗ್ಲೆಂಡಿನ ರಿಚರ್ಡ್ ಪ್ಯಾಟಲ್ ಶ್ವಾಸಕೋಶದಿಂದ ಬರುವ ನೊರೆಯನ್ನೇ ಪರೀಕ್ಷಿಸಿದ. ಸಾಮಾನ್ಯ ನೊರೆಯ ಹಾಗೆ ಅದರ ಗುಳ್ಳೆಗಳು ಬೇಗ ಒಡೆಯುತ್ತಿರಲಿಲ್ಲ. ಗೂಡುಗಳ ಒಳಮೈಗೆ ಸಾಬೂನಿನಂತೆ ಮೇಲ್ಮೈ ಸೆಳೆತವನ್ನು ಇಳಿಸುವ ಪದಾರ್ಥವೊಂದು ಲೇಪವಾಗಿದೆ ಎಂಬುದು ಹೀಗೆ ಹೊರಬಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳು ಉಸಿರಿಗೆ ಒದ್ದಾಡುವುದು ಈ ಲೇಪ ಸಾಲದೆ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ತೋರಿಸಿದರು. ಇಂದು ಅದೇ ಪದಾರ್ಥವನ್ನು ಔಷಧವಾಗಿ ಕೊಟ್ಟು ಎಳೆಕೂಸುಗಳನ್ನು ಉಳಿಸುತ್ತಾರೆ. ನೊರೆ ಎಂಬ ಹೆಸರು ಕೈತೋರಿದ ಕಡೆಗೇ ವಿಜ್ಞಾನವೂ ಬಂದು ನಿಂತಿತು.

ನನ್ನ ವಾದಕ್ಕೆ ತೊಡಕಾಗುವ ಪದವೊಂದನ್ನು ಮುಚ್ಚಿಡುವುದು ಸರಿಯಲ್ಲ. ಅದು ವೇದಕಾಲದ ‘ಕ್ಲೋಮನ್’. ಅಥರ್ವವೇದ ದೇಹದ ಅಂಗಗಳನ್ನು ಎಣಿಸುವಲ್ಲಿ ಹೃದಯದ ಬೆನ್ನಿಗೇ ಇದನ್ನು ಹೇಳುತ್ತದೆ. ಪುಲ್ಮೋ, ಪ್ಲೆಉಮೋನ್‌ಗಳ ಸಂಸ್ಕೃತದ ಸೋದರ ಇದೇ, ಒಂದೇ ಪದದಲ್ಲಿ ಎರಡು ತುಟಿಯ ಅಕ್ಷರಗಳು ಬಂದದ್ದರಿಂದ ಮೊದಲಿನ ಪಕಾರ ಕಕಾರವಾಯಿತು ಎಂದು ಅನೇಕ ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ತೇಲುವ ಹೆಸರು ಅಷ್ಟು ಗಟ್ಟಿಯಾದುದಾದರೆ ನಮ್ಮಲ್ಲೇ ಏಕೆ ಬಾಳಲಿಲ್ಲ? ಆಯುರ್ವೇದದಲ್ಲಿ ಕ್ಲೋಮ ಎಂದರೆ ಯಾವ ಅಂಗ ಎಂಬುದೇ ವಿವಾದವಾಗಿಬಿಟ್ಟಿತು. ಸುಶ್ರುತ ಹೃದಯದ ಕೆಳಗೆ ಎಡಕ್ಕೆ ಗುಲ್ಮ ಮತ್ತು ಫುಪ್ಫುಸ, ಬಲಕ್ಕೆ ಯಕೃತ್ತು ಮತ್ತು ಕ್ಲೋಮ ಎನ್ನುತ್ತಾನೆ. ಚರಕ ಅದನ್ನು ನೀರಡಿಕೆಗೆ ಸಂಬಂಧಿಸಿದ ಸ್ರೋತಸ್ಸಿನ, ಅಂದರೆ ದೇಹದೊಳಗಿನ ನಾಳದ, ಮೂಲ ಎನ್ನುತ್ತಾನೆ. ಈಚಿನ ವ್ಯಾಖ್ಯಾನಕಾರರಲ್ಲಿ ಬಲ ಶ್ವಾಸಕೋಶ, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಶ್ವಾಸನಾಳ ಎಂದು ಒಬ್ಬೊಬ್ಬರದು ಒಂದೊಂದು ಮತ. ಆದರೆ ಈ ಪದ ಕಳೆದುಹೋದ ಬಗೆಯೇ ನನ್ನ ಮಾತಿಗೆ ಪುಷ್ಟಿ ಕೊಡುತ್ತದೆ ಎಂದು ನನಗನ್ನಿಸುತ್ತದೆ. ಪಕಾರ ಕಕಾರವಾದಾಗ ‘ಪ್ಲು’ ಧಾತುವಿನ ಗುರುತು ಅಳಿಸಿತು, ಪದ ತನ್ನ ಅರ್ಥವನ್ನು ತಾನೇ ಹೇಳದಾಯಿತು. ಜೊತೆಗೆ ಅದು ಮಾಂಸ ಕೊಯ್ಯುವವರ ಬಾಯಿಂದ ಗ್ರಂಥಗಳಿಗೆ ಸರಿದು, ಕಣ್ಣಿನಿಂದ ತಾಳೆ ನೋಡುವ ದಾರಿ ಕಡಿದುಹೋಯಿತು. ರೋಮಿನಲ್ಲಿ ಪುಲ್ಮೋ ಎಂಬ ಮಾತಿನ ಅರ್ಥವೂ ಮರೆತುಹೋಗಿತ್ತು, ಆದರೆ ಆ ಮಾತು ಯಜ್ಞಪಶುವಿನ ಬಳಿ, ಅಂಗಡಿಯಲ್ಲಿ, ಊಟದ ತಟ್ಟೆಯಲ್ಲಿ ನಿತ್ಯ ಬಳಕೆಯಲ್ಲಿತ್ತು. ಬೊಟ್ಟು ಮಾಡಿ ತೋರಿಸಲು ವಸ್ತು ಎದುರಿಗಿದ್ದರೆ ಹೆಸರು ದಾರಿ ತಪ್ಪುವುದಿಲ್ಲ.

ಕೊನೆಯ ಆಕ್ಷೇಪ ವ್ಯವಹಾರದ್ದು. ಇಂದು ‘ಪಲ್ಮನರಿ’ ಎನ್ನುವ ವೈದ್ಯರಿಗೆ ತೇಲುವ ನೆನಪೇ ಇರುವುದಿಲ್ಲ, ಪದದ ಹುಟ್ಟು ತಿಳಿದು ಆಗುವುದೇನು? ಪದದ ಅರ್ಥ ಅದರ ಇಂದಿನ ಬಳಕೆಯಲ್ಲಿದೆ, ಹುಟ್ಟಿನಲ್ಲಿಲ್ಲ ಎಂಬುದು ಒಪ್ಪತಕ್ಕ ಮಾತೇ. ಹುಟ್ಟು ಹೇಳುವುದು ಬೇರೊಂದನ್ನು, ಆ ತಿಳಿವಳಿಕೆ ಯಾರ ಕೈಯಿಂದ ಬಂತು ಎಂಬುದನ್ನು. ಮರೆತ ಆ ತಿಳಿವಳಿಕೆ ಒಮ್ಮೆ ನ್ಯಾಯಾಲಯದ ಕಟಕಟೆಯನ್ನೂ ಹತ್ತಿತ್ತು. 17ನೇ ಶತಮಾನದ ಯುರೋಪಿನಲ್ಲಿ ಹಸುಗೂಸಿನ ಶವ ಸಿಕ್ಕಾಗ, ಕೂಸು ಸತ್ತೇ ಹುಟ್ಟಿತೋ, ಹುಟ್ಟಿ ಉಸಿರಾಡಿದ ಮೇಲೆ ಕೊಲೆಯಾಯಿತೋ ಎಂದು ತಿಳಿಯಲು ಅದರ ಶ್ವಾಸಕೋಶವನ್ನು ನೀರಿಗೆ ಹಾಕಿ ನೋಡತೊಡಗಿದರು. ಒಮ್ಮೆಯೂ ಗಾಳಿ ಹೋಗದ ಶ್ವಾಸಕೋಶ ಮುಳುಗುತ್ತದೆ, ಉಸಿರಾಡಿದ್ದು ತೇಲುತ್ತದೆ. ತಾಯಂದಿರ ತಲೆ ಉಳಿಯುವುದೂ ಉರುಳುವುದೂ ಒಂದು ಬೋಗುಣಿ ನೀರಿನ ಮೇಲೆ ನಿಂತಿತ್ತು. ಶವ ಕೊಳೆಯುವಾಗ ಹುಟ್ಟುವ ಅನಿಲದಿಂದಲೂ, ಬದುಕಿಸಲೆಂದು ಯಾರಾದರೂ ಬಾಯಿಗೆ ಬಾಯಿಟ್ಟು ಊದಿದ್ದರಿಂದಲೂ ಅದು ತೇಲಬಹುದು. ಹಾಗಾಗಿ ಈಗ ಇದೊಂದನ್ನೇ ನಂಬಿ ಯಾರೂ ತೀರ್ಪು ಕೊಡುವುದಿಲ್ಲ. ಕಣ್ಣಿಗೆ ಕಂಡದ್ದು ನಿಜವಾದರೂ ಅದರಿಂದ ಎಳೆಯುವ ತೀರ್ಮಾನ ತಪ್ಪಬಹುದು ಎಂಬ ಪಾಠವೂ ಈ ಬೋಗುಣಿಯೊಳಗೇ ಇದೆ.

ಇನ್ನು ನಮ್ಮ ‘ಶ್ವಾಸಕೋಶ’. ಅದು ತಪ್ಪು ಹೆಸರೇನಲ್ಲ, ಕೇಳಿದೊಡನೆ ತಿಳಿಯುವ ಹೆಸರು. ಆದರೆ ಕೋಶ ಎಂಬ ಮಾತು ಕನ್ನಡದಲ್ಲಿ ಬೊಕ್ಕಸಕ್ಕೂ ನಿಘಂಟಿಗೂ ಜೀವಕೋಶಕ್ಕೂ ಸಲ್ಲುವುದರಿಂದ, ಶಾಲೆಯ ಪುಸ್ತಕದಲ್ಲಿ ಶ್ವಾಸಕೋಶದ ವಾಯುಕೋಶದ ಜೀವಕೋಶ ಎಂದು ಓದುವ ಮಗು ಮೂರು ಕೋಶಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ‘ಗಾಳಿಗೂಡು’ ಎಂದೊಡನೆ ಗೋಜಲು ಬಿಡುತ್ತದೆ. ಇಂಥ ಮಾತುಗಳನ್ನು ಹಳ್ಳಿಯ ಮಾತು, ಶಾಸ್ತ್ರಕ್ಕೆ ಸಲ್ಲದು ಎಂದು ದೂರವಿಡುವವರು ಪುಲ್ಮೋದ ಕತೆಯನ್ನು ಒಮ್ಮೆ ನೆನೆಯಬೇಕು. ಶಾಸ್ತ್ರೀಯವೆಂದು ನಾವು ತಲೆಬಾಗುವ ಲ್ಯಾಟಿನ್ ಮಾತು ತನ್ನ ಊರಿನಲ್ಲಿ ಗಾಳಿಗೂಡಿನಷ್ಟೇ ಸಾದಾ ಮಾತು. 2021ರ ಏಪ್ರಿಲ್ 13ರಂದು ನಾವು ಬೇವುಬೆಲ್ಲ ತಿಂದು ಬರಮಾಡಿಕೊಂಡದ್ದು ಪ್ಲವ ಸಂವತ್ಸರವನ್ನು. ಅದೇ ತಿಂಗಳು ಕೊರೋನಾದ ಎರಡನೆಯ ಅಲೆ ಏರಿ, ಮನೆಮನೆಯಲ್ಲೂ ಶ್ವಾಸಕೋಶದ್ದೇ ಮಾತು, ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿಯದ್ದೇ ಚಿಂತೆ. ಪಂಚಾಂಗದಲ್ಲಿದ್ದ ಹೆಸರೂ ಆಸ್ಪತ್ರೆಯ ಫಲಕದಲ್ಲಿದ್ದ ಹೆಸರೂ ಒಂದೇ ಧಾತುವಿನವು ಎಂಬುದು ಬರೀ ಕಾಕತಾಳೀಯ, ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಿಲ್ಲ. ಆದರೆ ಆ ದಿನಗಳಲ್ಲಿ ಸ್ಕ್ಯಾನ್ ಚಿತ್ರ ಹಿಡಿದು ವೈದ್ಯರು ನೋಡುತ್ತಿದ್ದುದು, ಕಪ್ಪಾಗಿ ಕಾಣಬೇಕಾದ ಗಾಳಿಯ ಜಾಗದಲ್ಲಿ ಎಷ್ಟು ಬಿಳಿ ತುಂಬಿದೆ, ಶ್ವಾಸಕೋಶ ಎಷ್ಟು ಭಾರವಾಗಿದೆ ಎಂದು. ಅದು ಹಗುರವಾಗಿ ಉಳಿದಿದೆಯೇ ಎಂಬ ಪ್ರಶ್ನೆ, ಪಾತ್ರೆಯ ಮುಂದೆ ಕೂತು ಮೊದಲ ಹೆಸರಿಟ್ಟವರು ಬಿಟ್ಟುಹೋದ ಜಾಗದಲ್ಲೇ ಇತ್ತು.